ಮರದಿಂದ ಬಿದ್ದವರು ಯಾವ ಕಾಲಂನಲ್ಲಿ?

ನಾಫೆಡ್ ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ಕೊಳ್ಳುವಾಗ ಅದರ ಗಾತ್ರಕ್ಕೂ ತೇವಾಂಶಕ್ಕೂ ನಿಗದಿತ ಅಳತೆಯಿರುತ್ತದೆ. ರೈತ ಎಷ್ಟೇ ಗೊಣಗಿದರೂ ಆ ಅಳತೆ ಅವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಆದರೆ ಅದೇ ಕಾಯಿ ಕೆಡವಲು ಮರ ಹತ್ತಿ ಬಿದ್ದವನ ಬಗ್ಗೆ ಆಸ್ಪತ್ರೆಯಲ್ಲಿ ಏನನ್ನು, ಯಾವ ಪದದಲ್ಲಿ ಬರೆದುಕೊಳ್ಳಬೇಕೆಂಬ ವಿಷಯದಲ್ಲಿ ನಾವಿನ್ನೂ ಒಂದು ಅಳತೆಗೆ ಬಂದಿಲ್ಲ.

ಕಾಗದದ ಮೇಲೆ ಬಂದಿದ್ದೇವೆ. ಕೇಂದ್ರ ಆರೋಗ್ಯ ಸಚಿವಾಲಯ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡವನ್ನು 2013ರಲ್ಲೇ ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು. ರೋಗ, ಚಿಕಿತ್ಸೆಗಳನ್ನು ಏಕರೂಪದ ಸಂಕೇತಗಳಲ್ಲಿ ನಮೂದಿಸುವ ಸ್ನೋಮೆಡ್ ಸಿಟಿ ಪದಕೋಶದ ವ್ಯವಸ್ಥೆಗೆ ಭಾರತ 2014ರಲ್ಲಿ ಸೇರಿತು. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ 'ಆಭಾ' ಸಂಖ್ಯೆ ನೀಡುತ್ತಿದೆ. ಆದರೆ ಆ ಸಂಖ್ಯೆ ದಾಖಲೆ ಯಾರದೆಂದು ಹೇಳೀತೇ ಹೊರತು ಅದರೊಳಗಿನ ಬರಹವನ್ನು ತಿದ್ದಲಾರದು. ಕೈಬರಹದ ಚೀಟಿಯ ಫೋಟೊ ತೆಗೆದು ಏರಿಸಿದರೆ ಗಣಕಯಂತ್ರದ ಮಟ್ಟಿಗೆ ಅದು ಬರೀ ಚಿತ್ರ.

ಅಮ್ಮಸಂದ್ರದ ಆಸುಪಾಸಿನ ತೋಟದಲ್ಲಿ ಒಬ್ಬ ಬಿದ್ದನೆಂದುಕೊಳ್ಳಿ. ಮೊದಲು ತುರುವೇಕೆರೆ, ಆಮೇಲೆ ತುಮಕೂರಿನ ಜಿಲ್ಲಾಸ್ಪತ್ರೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಬೆಂಗಳೂರು. ಬಿದ್ದ ಕೂಡಲೇ ಕಾಲು ಆಡುತ್ತಿತ್ತೇ, ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು, ಯಾವ ಔಷಧ ಒಗ್ಗದು: ಕೊನೆಯ ವೈದ್ಯರಿಗೆ ಬೇಕಾದದ್ದು ಇವೇ. ಇದನ್ನೆಲ್ಲ ಪ್ಲಾಸ್ಟಿಕ್ ಕವರು ಹಿಡಿದು ಬಂದ ಭಾವಮೈದುನ ನೆನಪಿನಿಂದ ಹೇಳಬೇಕು.

ಹೆಸರಿನದು ಬೇರೆಯೇ ಕಥೆ. ತಿಮ್ಮಯ್ಯನನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಒಂದೇ ಸಾಕೋ, 'ಎಚ್' ಸೇರಬೇಕೋ? ನಮ್ಮಲ್ಲಿ ಅನೇಕರಿಗೆ ಇರುವುದು ಊರಿನ, ಅಪ್ಪನ ಇನಿಷಿಯಲ್ಲು. ತಂತ್ರಾಂಶ ಕೇಳುವುದು ಮನೆತನದ ಹೆಸರು. ಹೀಗೆ ಒಬ್ಬನೇ ಮೂರು ಆಸ್ಪತ್ರೆಗಳಲ್ಲಿ ಮೂವರಾಗುತ್ತಾನೆ.

ನನ್ನನ್ನು ಹೆಚ್ಚು ಕಾಡುವುದು ಲೆಕ್ಕದ ಪ್ರಶ್ನೆ. ಮರದಿಂದ ಬಿದ್ದುದಕ್ಕೆ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ 'ಡಬ್ಲ್ಯು 14' ಎಂಬ ಪ್ರತ್ಯೇಕ ಸಂಕೇತವೇ ಇದೆ. 'ಬಿದ್ದು ಗಾಯ' ಎಂದಷ್ಟೇ ಬರೆದರೆ ಬಚ್ಚಲಲ್ಲಿ ಜಾರಿದ ಅಜ್ಜಿಯೂ ತೆಂಗಿನ ಸುಳಿಯಿಂದ ಉರುಳಿದ ಕೂಲಿಯೂ ಒಂದೇ ಸಾಲಿನಲ್ಲಿ ಕರಗಿಹೋಗುತ್ತಾರೆ. ತೆಂಗು ಅಭಿವೃದ್ಧಿ ಮಂಡಳಿಯು ಮರ ಹತ್ತುವವರಿಗಾಗಿ 'ಕೇರ ಸುರಕ್ಷಾ' ವಿಮೆ ರೂಪಿಸಿದೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳಲ್ಲಿ ವರ್ಷಕ್ಕೆ ಎಷ್ಟು ಮಂದಿ ಬಿದ್ದರು, ಎಷ್ಟು ಮಂದಿ ಮತ್ತೆ ಎದ್ದು ನಡೆದರು ಎಂದು ಆಸ್ಪತ್ರೆಯ ದಾಖಲೆ ಹೇಳದಿದ್ದರೆ ಆ ವಿಮೆ ತಲುಪಬೇಕಾದವರನ್ನು ತಲುಪಿದೆಯೇ ಎಂದು ಅಳೆಯುವುದು ಯಾವುದರಿಂದ?

ವೈದ್ಯರ ಆಕ್ಷೇಪವೂ ನ್ಯಾಯವಾದದ್ದೇ. ಬಾಗಿಲಾಚೆ ಸಾಲು ನಿಂತಿರುವಾಗ ಸಾವಿರಾರು ಸಂಕೇತಗಳಲ್ಲಿ ಒಂದನ್ನು ಹುಡುಕುತ್ತ ಕೂರಲು ಅವರಿಂದಾಗದು. ಗೋಪ್ಯತೆಯ ಆತಂಕವಂತೂ ಇದ್ದೇ ಇದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಮಾತ್ರಕ್ಕೆ ಅದು ಅಳಿಯುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಬಯಸುವುದು ಬೇಡ. ಕನ್ನಡದಲ್ಲಿ ಬರೆದ ಹೆಸರು, ಒಗ್ಗದ ಔಷಧ, ಕೊಟ್ಟ ಔಷಧದ ಜನರಿಕ್ ಹೆಸರು ಮತ್ತು ವೇಳೆ, ಗಾಯದ ಕಾರಣ, ಕಸುಬು: ಇಷ್ಟನ್ನು ಕಡ್ಡಾಯ ಮಾಡಿ, ತುಂಬಲು ತಾಲ್ಲೂಕು ಆಸ್ಪತ್ರೆಗೊಬ್ಬ ತರಬೇತಾದ ಸಿಬ್ಬಂದಿಯನ್ನು ಕೊಡಲಿ. ಕಾರಣಗಳ ಪಟ್ಟಿಯಲ್ಲಿ 'ಮರದಿಂದ ಬಿದ್ದದ್ದು' ಎಂಬ ಒಂದು ಸಾಲು ಎದ್ದು ಕಾಣುವಂತಿರಲಿ. ಇದಕ್ಕಾಗಿ ರಾಜ್ಯದ ಆರೋಗ್ಯ ಇಲಾಖೆ ದೆಹಲಿಯ ಕಡೆ ನೋಡಬೇಕಾದ ಅಗತ್ಯವಿಲ್ಲ.