ಕಂಡೂ ಸುಮ್ಮನಿರುವ ಅಪರಾಧ

ಉಚ್ಚಿಲದಂತಹ ಕಡಲೂರಿನಲ್ಲಿ ಕೊಳೆತ ಬಂಗುಡೆ ಮಾರುವುದು ಸುಲಭವಲ್ಲ. ಕೊಳ್ಳಲು ಬಂದವರು ಮೊದಲು ಕಿವಿರು ಬಿಡಿಸಿ ನೋಡುತ್ತಾರೆ. ಕೆಂಪು ಮಾಸಿದ್ದರೆ ಬುಟ್ಟಿಗೇ ಮರಳಿ ಹಾಕುತ್ತಾರೆ. ಅಷ್ಟಕ್ಕೇ ಸುಮ್ಮನಾಗುವುದಿಲ್ಲ, ಪಕ್ಕದಲ್ಲಿ ನಿಂತವರಿಗೂ ಕೇಳುವಂತೆ ಹೇಳುತ್ತಾರೆ. ಇದಕ್ಕೆ ಕಾನೂನಿನ ಪುಸ್ತಕ ಓದಬೇಕಾಗಿಲ್ಲ. ನಮಗೆ ತಿಳಿದ ಕೆಡುಕನ್ನು ನೆರೆಯವರಿಗೆ ತಿಳಿಸುವುದು ಊರಿನ ರೀತಿ.

ಆದರೆ ಅದೇ ಊರಿನ ನಾವು ಮನೆಗೆ ಬಂದು ಕಂಪ್ಯೂಟರಿನ ಮುಂದೆಯೋ ಮೊಬೈಲಿನ ಮುಂದೆಯೋ ಕೂತಾಗ ಈ ರೀತಿಯನ್ನು ಮರೆಯುತ್ತೇವೆ. ಕೊಳೆತ ಜಾಹೀರಾತು ಕಣ್ಣೆದುರೇ ಬಂದರೂ ಮೌನವಾಗಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಇದು ಯಾವ ನ್ಯಾಯ?

ನಾವು ಹೇಳುತ್ತಿರುವುದು ಟ್ರಾಫಿಕ್ ಎಕ್ಸ್‌ಚೇಂಜ್ ಎಂಬ ವೆಬ್‌ಸೈಟುಗಳ ಬಗ್ಗೆ. ಇವುಗಳ ಲೆಕ್ಕ ಸರಳ. ನೀನು ನನ್ನ ಪುಟ ನೋಡು, ನಾನು ನಿನ್ನ ಪುಟ ನೋಡುತ್ತೇನೆ. ಒಂದು ಪುಟ ತೆರೆದು, ಮೇಲಿನ ಪಟ್ಟಿಯಲ್ಲಿ ಓಡುವ ಗಡಿಯಾರ ಮುಗಿಯುವವರೆಗೆ ಕಾದರೆ ಒಂದಿಷ್ಟು ಅಂಕ ಸಿಗುತ್ತದೆ. ಆ ಅಂಕ ಕೊಟ್ಟರೆ ನಮ್ಮ ಪುಟವನ್ನೋ ಬ್ಯಾನರ್ ಜಾಹೀರಾತನ್ನೋ ಇತರ ಸದಸ್ಯರಿಗೆ ತೋರಿಸುತ್ತಾರೆ. ಅಂಕ ಸಾಲದಿದ್ದರೆ ಹಣ ಕೊಟ್ಟು ಕೊಳ್ಳಬಹುದು. ಮನೆಯಲ್ಲೇ ಬಟ್ಟೆ ಹೊಲಿದು ಮಾರುವ ಗೃಹಿಣಿ, ಗಲ್ಫಿನಿಂದ ಕೆಲಸ ಬಿಟ್ಟು ಬಂದು ಹೊಸ ದಾರಿ ಹುಡುಕುವ ಯುವಕ, ಶುಲ್ಕಕ್ಕೆ ನಾಲ್ಕು ಕಾಸು ಸಿಕ್ಕೀತೇ ಎಂದು ಯೋಚಿಸುವ ವಿದ್ಯಾರ್ಥಿ, ಇಂಥವರಿಗೆಲ್ಲ ಇದು ಬಂಡವಾಳವಿಲ್ಲದ ಪ್ರಚಾರದಂತೆ ಕಾಣುತ್ತದೆ.

ದೋಷ ಇರುವುದು ಈ ಲೆಕ್ಕದ ಒಳಗೇ. ಇಲ್ಲಿ ಪುಟ ತೆರೆಯುವವನಿಗೆ ಆ ಪುಟ ಬೇಕಾಗಿಲ್ಲ, ಬೇಕಾದದ್ದು ಅಂಕ. ಅವನ ಕಣ್ಣು ಗಡಿಯಾರದ ಮೇಲೆ. ನೋಡುಗರು ಸಾವಿರ, ನೋಡಿದವರು ಯಾರೂ ಇಲ್ಲ. ಇಂಥ ಸಂತೆ ವಂಚಕನಿಗೆ ಬಹಳ ಇಷ್ಟ. ಅವನು ಅಲ್ಲಿ ಬಗೆಬಗೆಯ ಸರಕು ಇಳಿಸುತ್ತಾನೆ: ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ’ ಎಂದು ಹೆದರಿಸುವ ಫಲಕ, ಕೇಳದೆಯೇ ಇಳಿಯುವ ಕಡತ, ಗಡಿಯಾರದ ಚೌಕಟ್ಟನ್ನೇ ಒಡೆದು ಇಡೀ ಪರದೆಯನ್ನು ಆಕ್ರಮಿಸುವ ಪುಟ, ಅಶ್ಲೀಲ ಚಿತ್ರ, ಜೂಜಿನ ಆಮಿಷ. ಎಲ್ಲಕ್ಕಿಂತ ಹೆಚ್ಚಾಗಿ, ‘ದಿನಕ್ಕೆ ಹತ್ತು ನಿಮಿಷ ಕ್ಲಿಕ್ ಮಾಡಿ, ಹಣ ದುಪ್ಪಟ್ಟು ಮಾಡಿ’ ಎಂಬ ಬ್ಯಾನರುಗಳು. ಸಂಪಾದನೆಯ ಅಗತ್ಯ ಇರುವವರೇ ಇಲ್ಲಿ ಸೇರುವುದರಿಂದ ಸಂಪಾದನೆಯ ಹೆಸರಿನ ಗಾಳವನ್ನೂ ಇಲ್ಲಿಯೇ ಬಿಡಲಾಗುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ‘12 ಡೈಲಿ ಪ್ರೊ’ ಎಂಬ ಸೈಟಿನ ವಿರುದ್ಧ 2006ರ ಫೆಬ್ರವರಿಯಲ್ಲಿ ಅಮೆರಿಕದ ಷೇರು ವಿನಿಮಯ ಆಯೋಗ ಮೊಕದ್ದಮೆ ಹೂಡಿತು. ದಿನಕ್ಕೆ 12 ಪುಟ ನೋಡಿದರೆ ಹಾಕಿದ ಹಣಕ್ಕೆ ದಿನಕ್ಕೆ ಶೇ. 12ರಂತೆ 12 ದಿನ ಕೊಡುತ್ತೇವೆ ಎಂಬುದು ಅದರ ಮಾತು. 3 ಲಕ್ಷಕ್ಕೂ ಹೆಚ್ಚು ಮಂದಿ ನಂಬಿದ್ದರು. ಅದರ ವರಮಾನದಲ್ಲಿ ಶೇ. 95ರಷ್ಟಾದರೂ ಸದಸ್ಯರೇ ಹಾಕಿದ ಹೊಸ ಹಣ ಎಂದು ಆಯೋಗ ಹೇಳಿತು. 2016ರ ಜುಲೈಯಲ್ಲಿ ‘ಟ್ರಾಫಿಕ್ ಮಾನ್ಸೂನ್’ನ ಸರದಿ. 50 ಡಾಲರ್ ಕೊಟ್ಟು ಜಾಹೀರಾತಿನ ಕಟ್ಟು ಕೊಳ್ಳಿ, ದಿನಾ ಬ್ಯಾನರುಗಳನ್ನು ಕ್ಲಿಕ್ ಮಾಡಿ, 55 ಡಾಲರ್ ಪಡೆಯಿರಿ ಎಂಬ ಯೋಜನೆ. ಆಯೋಗದ ದೂರಿನ ಪ್ರಕಾರ 1 ಲಕ್ಷ 62 ಸಾವಿರಕ್ಕೂ ಹೆಚ್ಚು ಮಂದಿಯಿಂದ 20 ಕೋಟಿ 70 ಲಕ್ಷ ಡಾಲರ್ ಸಂಗ್ರಹವಾಗಿತ್ತು. ಅವರಲ್ಲಿ ಶೇ. 90ರಷ್ಟು ಮಂದಿ ಅಮೆರಿಕದ ಹೊರಗಿನವರು. ನಮ್ಮ ದೇಶದಲ್ಲೇ 2017ರ ಫೆಬ್ರವರಿಯಲ್ಲಿ ನೊಯ್ಡಾದ ‘ಸೋಶಿಯಲ್ ಟ್ರೇಡ್’ ಜಾಲವನ್ನು ಉತ್ತರ ಪ್ರದೇಶದ ಪೊಲೀಸರು ಭೇದಿಸಿದರು. ಒಂದು ಕ್ಲಿಕ್ಕಿಗೆ 5 ರೂಪಾಯಿ ಎಂಬ ಆಸೆ ತೋರಿಸಿ ಲಕ್ಷಾಂತರ ಮಂದಿಯಿಂದ ಸುಮಾರು 3,700 ಕೋಟಿ ರೂಪಾಯಿ ಎತ್ತಲಾಗಿತ್ತು ಎಂಬುದು ಪೊಲೀಸರ ಲೆಕ್ಕ.

ಈ ಮೂರರಲ್ಲೂ ಲಕ್ಷಾಂತರ ಜನ ದಿನದಿನವೂ ಪುಟ ತೆರೆದು ನೋಡುತ್ತಿದ್ದರು. ಇಷ್ಟು ಕಣ್ಣುಗಳಿದ್ದೂ ಸಾಕ್ಷಿ ಹೇಳುವ ಬಾಯಿ ಎಷ್ಟು ತಡವಾಗಿ ತೆರೆಯಿತು! ವಂಚನೆ ಬರೀ ಪರದೆಯ ಮೇಲಿನ ರೋಗವೂ ಅಲ್ಲ. ‘ಹಲಾಲ್’ ಲಾಭದ ಹೆಸರಿನಲ್ಲಿ ಬೆಂಗಳೂರಿನಲ್ಲಿ ಹಣ ಎತ್ತಿದ ಐಎಂಎ ಸಂಸ್ಥೆಯ ಮುಖ್ಯಸ್ಥ 2019ರ ಜೂನ್‌ನಲ್ಲಿ ದೇಶ ಬಿಟ್ಟು ಓಡಿದ ಮೇಲಷ್ಟೇ ಸಾವಿರಾರು ಕುಟುಂಬಗಳು ಶಿವಾಜಿನಗರದಲ್ಲಿ ದೂರು ಹಿಡಿದು ಸಾಲು ನಿಂತವು. ಅದಕ್ಕೂ ಮೊದಲು ಸಂಶಯ ಪಟ್ಟವರು ಇರಲಿಲ್ಲವೇ? ಇದ್ದರು. ‘ನಮ್ಮವರ ಹೆಸರು ಕೆಡುತ್ತದೆ’ ಎಂಬ ಮಾತು ಅವರ ಬಾಯಿ ಕಟ್ಟಿತ್ತು. ಕೊನೆಗೆ ಕೆಟ್ಟದ್ದು ನಮ್ಮವರ ಬದುಕು.

ಸುಮ್ಮನಿರುವವರು ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

‘ನನ್ನ ಹಣವೇನೂ ಹೋಗಿಲ್ಲವಲ್ಲ’ ಎನ್ನುತ್ತಾರೆ. ನಿಮ್ಮದು ಹೋಗಿಲ್ಲ, ಏಕೆಂದರೆ ನಿಮಗೆ ತಿಳಿಯಿತು. ತಿಳಿಯದ ಮುಂದಿನವರದ್ದು ಹೋಗುತ್ತದೆ. ಆ ಮುಂದಿನವರು ನಿಮ್ಮ ಅತ್ತೆಯಾಗಿರಬಹುದು, ದುಬೈಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಮ್ಮನಾಗಿರಬಹುದು.

‘ಒಬ್ಬ ದೂರಿದರೆ ಏನಾದೀತು?’ ಎನ್ನುತ್ತಾರೆ. ಎಕ್ಸ್‌ಚೇಂಜಿನಲ್ಲಿ ಒಂದೊಂದು ಜಾಹೀರಾತಿಗೂ ಒಂದು ಸದಸ್ಯ ಖಾತೆಯ ನಂಟು ಇರುತ್ತದೆ. ಸರಿಯಾದ ವಿವರದ ಒಂದು ದೂರು ಬಂದರೂ ಆ ಖಾತೆಯ ಎಲ್ಲ ಜಾಹೀರಾತುಗಳನ್ನು ತಡೆಹಿಡಿಯಲು ಸಾಧ್ಯ.

‘ಅದು ನಡೆಸುವವರ ಕೆಲಸ, ನಮ್ಮದಲ್ಲ’ ಎನ್ನುತ್ತಾರೆ. ಈ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಹಣ ಪಡೆದು ಜಾಹೀರಾತು ತೋರಿಸುವವನು, ಸದಸ್ಯರು ದೂರಿದರೆ ನೋಡೋಣ ಎಂದು ಕೈಕಟ್ಟಿ ಕೂರುವುದು ತಪ್ಪು. ಮೊದಲ ದಿನ ಶುದ್ಧ ಪುಟ ತೋರಿಸಿ ಒಪ್ಪಿಗೆ ಪಡೆದು, ಮರುದಿನ ಅದೇ ಕೊಂಡಿಯ ಹಿಂದೆ ಬೇರೆ ಪುಟ ಕೂರಿಸುವುದು ವಂಚಕರ ಹಳೆಯ ಉಪಾಯ. ಆದ್ದರಿಂದ ಒಮ್ಮೆ ಪರಿಶೀಲಿಸಿದರೆ ಸಾಲದು, ಮತ್ತೆ ಮತ್ತೆ ಪರಿಶೀಲಿಸಬೇಕು. ದೂರು ಬರೆಯುವವನ ಗಡಿಯಾರ ನಿಲ್ಲಬೇಕು, ಅವನ ಅಂಕ ಕಡಿತವಾಗಬಾರದು. ದೂರಿನ ಗತಿ ಏನಾಯಿತೆಂದು ಅವನಿಗೆ ತಿಳಿಸಬೇಕು. ಇಷ್ಟು ಮಾಡದ ಎಕ್ಸ್‌ಚೇಂಜಿನ ಸದಸ್ಯತ್ವವನ್ನು ಬಿಟ್ಟುಬಿಡುವುದೇ ಲೇಸು. ಆದರೆ ಅಂಗಡಿಯವನು ಕೆಟ್ಟವನೆಂಬ ಕಾರಣಕ್ಕೆ ಗಿರಾಕಿಯ ಬಾಯಿಗೆ ಬೀಗ ಬೀಳಬೇಕಿಲ್ಲ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ದೂರಿನ ಗುಂಡಿ ಎರಡಲಗಿನ ಕತ್ತಿ. ಅಂತರ್ಜಾಲದಲ್ಲಿ ಗುಂಪು ಕಟ್ಟಿಕೊಂಡು ತಮಗಾಗದವರ ಪುಟವನ್ನು ಸಾಮೂಹಿಕವಾಗಿ ದೂರಿ ಮುಚ್ಚಿಸುವ ಚಟ ಬೆಳೆದಿದೆ. ನಮ್ಮ ಕರಾವಳಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಭಿಪ್ರಾಯ ಹಿಡಿಸಲಿಲ್ಲ, ಹೆಸರು ಬೇರೆ ಧರ್ಮದ್ದು, ಅವನು ವ್ಯಾಪಾರದಲ್ಲಿ ಎದುರಾಳಿ ಎಂಬುವೆಲ್ಲ ದೂರಿಗೆ ಕಾರಣಗಳಲ್ಲ. ಸುಳ್ಳು ಸಾಕ್ಷಿಯೂ ವಂಚನೆಯೇ. ಪುಟದ ಒಡೆಯ ಯಾರೆಂದು ನೋಡಬೇಡಿ, ಪುಟ ಏನು ಮಾಡುತ್ತಿದೆ ಎಂದು ನೋಡಿ. ಅದು ಗುಪ್ತಪದ ಕದಿಯುತ್ತಿದೆಯೇ? ಅಸಾಧ್ಯ ಲಾಭದ ಮಾತು ಕೊಡುತ್ತಿದೆಯೇ? ಕೇಳದೆ ಕಡತ ಇಳಿಸುತ್ತಿದೆಯೇ? ಹಾಗಿದ್ದರೆ ಒಡೆಯ ನಮ್ಮ ಮಸೀದಿಯ ಸಾಲಿನಲ್ಲಿ ನಿಲ್ಲುವವನಾದರೂ ಸರಿ, ದೂರಲೇಬೇಕು.

ದೂರು ಹೇಗೆ? ಸಂಶಯ ಬಂದ ಪುಟದಲ್ಲಿ ಏನನ್ನೂ ತುಂಬಬೇಡಿ, ಪತ್ತೇದಾರಿಕೆಗೆಂದು ಒಳಗೆ ಹೋಗಬೇಡಿ. ಪೂರ್ಣ ವಿಳಾಸ, ದಿನಾಂಕ, ಸಮಯ ಬರೆದುಕೊಳ್ಳಿ. ಪರದೆಯ ಚಿತ್ರ ತೆಗೆದಿಡಿ. ದೋಷ ಬ್ಯಾನರಿನದ್ದೋ, ಅದು ಕರೆದೊಯ್ದ ಪುಟದ್ದೋ ಸ್ಪಷ್ಟವಾಗಿ ಬರೆಯಿರಿ. ‘ಕೆಟ್ಟ ಸೈಟ್’ ಎಂಬೆರಡು ಪದದ ದೂರಿನಿಂದ ಉಪಯೋಗವಿಲ್ಲ. ಮೊದಲು ಎಕ್ಸ್‌ಚೇಂಜಿಗೆ, ನಕಲಿ ಪುಟವಾಗಿದ್ದರೆ ಗೂಗಲ್‌ನ ಸೇಫ್ ಬ್ರೌಸಿಂಗ್ ವಿಭಾಗಕ್ಕೂ ತಿಳಿಸಿ. ಠೇವಣಿಯ ಆಮಿಷವಿದ್ದರೆ ರಿಸರ್ವ್ ಬ್ಯಾಂಕ್ 2016ರಲ್ಲಿ ಆರಂಭಿಸಿದ ‘ಸಚೇತ್’ ಜಾಲತಾಣವಿದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2019ರಲ್ಲೇ ಬಂದಿದೆ. ದಾರಿ ತಪ್ಪಿಸುವ ಜಾಹೀರಾತಾದರೆ ಗ್ರಾಹಕ ಸಹಾಯವಾಣಿ 1915. ಹಣವೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಕೈ ಬದಲಾಗುವುದನ್ನು ತಡೆಯುವ ಅವಕಾಶ ಹೆಚ್ಚು. ಬಳಿಕ ಉಡುಪಿಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಒಂದು ವಿಷಯದಲ್ಲಿ ಮಾತ್ರ ಈ ಕ್ರಮ ಬೇರೆ. ಮಕ್ಕಳ ಅಶ್ಲೀಲ ಚಿತ್ರ ಕಂಡರೆ ಅದರ ಚಿತ್ರ ತೆಗೆಯಬೇಡಿ, ಪುರಾವೆಯೆಂದು ಯಾರಿಗೂ ಕಳುಹಿಸಬೇಡಿ. ಅದನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ವಿಳಾಸವನ್ನಷ್ಟೇ ಬರೆದುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣಕ್ಕೆ ಕೊಡಿ. ಇಂಥ ದೂರನ್ನು ಹೆಸರು ಹೇಳದೆಯೂ ಕೊಡಲು ಅಲ್ಲಿ ಅವಕಾಶವಿದೆ.

ಇಷ್ಟಕ್ಕೆ ಬೇಕಾಗುವ ಸಮಯ ಐದು ನಿಮಿಷ. ಆ ಐದು ನಿಮಿಷದಲ್ಲಿ ಒಂದಷ್ಟು ಪುಟಗಳ ಅಂಕ ತಪ್ಪಿಹೋಗಬಹುದು. ತಪ್ಪಲಿ. ನೆರೆಮನೆಯವರ ಬುಟ್ಟಿಗೆ ಕೊಳೆತ ಮೀನು ಬೀಳುವುದನ್ನು ಕಂಡೂ ಕಾಣದಂತಿದ್ದು ಗಳಿಸುವ ಆ ಅಂಕ ನಮಗೆ ಬೇಡ. ಮೀನಿನ ಬುಟ್ಟಿಯ ಮುಂದೆ ನಮಗಿರುವ ಧೈರ್ಯ ಪರದೆಯ ಮುಂದೆಯೂ ಬರಲಿ.