ಮನೆಯ ಬಿಯರ್: ಕಳ್ಳಬಟ್ಟಿಯ ಸಾಲಿನಲ್ಲೇ ನಿಲ್ಲಬೇಕೆ?

ಶಿವನಸಮುದ್ರ: ಮಳವಳ್ಳಿ ತಾಲ್ಲೂಕಿನ ಈ ಭಾಗದಲ್ಲಿ ಕಾವೇರಿ ನೀರಿದೆ, ರಾಗಿ, ಬಾಳೆ, ಮಾವುಗಳಿವೆ. ಜಿಲ್ಲಾ ಹಾಲು ಒಕ್ಕೂಟದ ಕೇಂದ್ರ ನೆರೆಯ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಬೇಸಿಗೆಯಲ್ಲಿ ಮಾರುವ ಮಾವಿನ ಬಿಯರಿಗೆ ಬೇಕಾದ ಬಹುಪಾಲು ಸಾಮಗ್ರಿ ಇಲ್ಲೇ ಸಿಗುತ್ತದೆ. ಹೊರಗಿನಿಂದ ತರಬೇಕಾದದ್ದು ಬಾರ್ಲಿ ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್ ಮಾತ್ರ. ಆದರೆ ಅದನ್ನು ಮನೆಯಲ್ಲಿ ತಯಾರಿಸುವುದು ಅಪರಾಧ.

ಹಣ್ಣಿನ ಬಿಯರ್ ತಯಾರಿಕೆಯಲ್ಲಿ ಒಂದು ತೊಡಕಿದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮದ್ಯಸಾರವಾಗಿಸುವುದರಿಂದ ಪರಿಮಳ ಉಳಿದರೂ ಸಿಹಿ ಉಳಿಯದು. ಇದಕ್ಕೆ ಪರಿಹಾರ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಪನೀರ್, ಚೀಸ್ ತಯಾರಿಕೆಯಲ್ಲಿ ಉಳಿಯುವ ತಿಳಿನೀರಿನಿಂದ ಅದನ್ನು ಪಡೆಯಲಾಗುತ್ತದೆ. ಬಿಯರಿನ ಸಾಮಾನ್ಯ ಯೀಸ್ಟಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ. 20 ಲೀಟರಿಗೆ ಅರ್ಧ ಕಿಲೋದಷ್ಟು ಸೇರಿಸಿದರೆ ಬಿಯರ್ ಮಂದವಾಗಿ, ತುಸು ಸಿಹಿಯಾಗಿ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 1907ರಲ್ಲೇ ಇಂಥ ಕಪ್ಪು ಬಿಯರ್ ಮಾರುಕಟ್ಟೆಗೆ ಬಂದಿತ್ತು. ಹಾಲು ಒಗ್ಗದವರಿಗೆ ಮಾತ್ರ ಇದು ಹೊಟ್ಟೆಯ ತೊಂದರೆ ತರಬಲ್ಲದು.

ರಾಜ್ಯದ ಅಬಕಾರಿ ಕಾಯ್ದೆ 1965ರದು. ಅದರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರ್ ಕೂಡ ಮದ್ಯವೇ. ಅಂಗಡಿಯಲ್ಲಿ ಕೊಂಡ ಬಿಯರನ್ನು ನಿಗದಿತ ಮಿತಿಯೊಳಗೆ ಮನೆಯಲ್ಲಿಡಬಹುದು. ಬಕೆಟ್ಟಿನಲ್ಲಿ ಹುದುಗಿಸಿದವನು ಮಾತ್ರ ಕಳ್ಳಬಟ್ಟಿ ಇಳಿಸಿದವನ ಸಾಲಿನಲ್ಲಿ ನಿಲ್ಲಬೇಕು.

ಈ ಕಾಠಿಣ್ಯಕ್ಕೆ ಕಾರಣಗಳಿಲ್ಲದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಸರ್ಕಾರ 2007ರ ಜುಲೈಯಲ್ಲಿ ಸಾರಾಯಿ ನಿಷೇಧಿಸಿದ ಮರುವರ್ಷವೇ ಬೆಂಗಳೂರು ಹಾಗೂ ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ 100ಕ್ಕೂ ಹೆಚ್ಚು ಮಂದಿ ಸತ್ತರು. ಕುಡಿತದಿಂದ ನಲುಗಿದ ಹಳ್ಳಿಯ ಹೆಣ್ಣುಮಕ್ಕಳು ಮತ್ತೊಂದು ಬಾಗಿಲು ತೆರೆಯುವುದನ್ನು ವಿರೋಧಿಸಿದರೆ ಅದು ಸಹಜವೇ.

ಆದರೆ ವಿಷಮದ್ಯದ ಸಾವುಗಳಿಗೆ ಮೂಲ ಮಿಥೆನಾಲ್ ಬೆರೆಸಿದ ದಂಧೆ. ಬಿಯರನ್ನು ಭಟ್ಟಿ ಇಳಿಸುವುದಿಲ್ಲ, ಹುದುಗಿಸಲಾಗುತ್ತದೆ. ಮನೆಯ ಬಿಯರಿನ ಅಪಾಯವೇ ಬೇರೆ. ಪಾತ್ರೆ ಶುಚಿಯಿಲ್ಲದಿದ್ದರೆ ಹುಳಿಯುತ್ತದೆ. ಹಣ್ಣಿನ ಸಕ್ಕರೆ ಪೂರ್ತಿ ಕರಗುವ ಮೊದಲೇ ಬಾಟಲಿಗೆ ತುಂಬಿದರೆ ಒತ್ತಡ ಹೆಚ್ಚಿ ಗಾಜು ಸಿಡಿಯಬಹುದು.

ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿಯ ಅಗತ್ಯ ತೆಗೆಯಿತು. ಅಮೆರಿಕದಲ್ಲಿ 1978ರ ಕಾನೂನು ವಯಸ್ಕರೊಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್ ತಯಾರಿಗೆ ತೆರಿಗೆ ವಿನಾಯಿತಿ ನೀಡಿತು. ಆದರೆ ಮಾರುವಂತಿಲ್ಲ.

ನಮ್ಮಲ್ಲಿ ಅಷ್ಟು ಉದಾರವಾಗಬೇಕಿಲ್ಲ. ಕಡಿಮೆ ಪ್ರಮಾಣ, ಮಾರಾಟಕ್ಕೂ ಭಟ್ಟಿಗೂ ಸಂಪೂರ್ಣ ನಿಷೇಧ, ಅಬಕಾರಿ ಕಚೇರಿಯಲ್ಲಿ ಸರಳ ನೋಂದಣಿ ಸಾಕು. ಇದರಿಂದ ಇಲಾಖೆಯ ಕಣ್ಣು ನಿಜವಾದ ಕಳ್ಳಬಟ್ಟಿಯ ಮೇಲೆ ನೆಡಬಹುದು. ಕೊಡಗಿನ ಮನೆಗಳ ಹಣ್ಣಿನ ವೈನಿಗೂ ಇದೇ ಮಾತು ಅನ್ವಯಿಸುತ್ತದೆ. ಮಾವಿನ ಬಿಯರ್ ನಗರದ ಪರವಾನಗಿದಾರನ ಕೈಯಲ್ಲಿ ರುಚಿಯಾಗಿ, ಹಣ್ಣು ಬೆಳೆದವನ ಮನೆಯಲ್ಲಿ ಅಪರಾಧವಾಗುವುದು ಎಷ್ಟು ನ್ಯಾಯ ಎಂಬುದಕ್ಕೆ ಸರ್ಕಾರವೇ ಉತ್ತರಿಸಬೇಕು.