ದುಂಡಾಣುಗಳ ಕೊಡುಕೊಳ್ಳುವಿಕೆಯೂ ನಮ್ಮ ಹೊಣೆಯೂ

ಕಲಾ ವಿಭಾಗದ ವಿದ್ಯಾರ್ಥಿಗೆ ದುಂಡಾಣುಗಳ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಔಷಧದ ಚೀಟಿಗಳನ್ನು ಓದುವ ಕೆಲಸ ನನ್ನದು. ಆ ಕೆಲಸವನ್ನು ನಾನು ಸರಿಯಾಗಿ ಮಾಡಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಸಿರುಗುಪ್ಪ ತಾಲ್ಲೂಕಿನಲ್ಲಿ ನಮಗೆ ಎರಡೆಕರೆ ಗದ್ದೆಯುಂಟು. ಒಂದು ವರ್ಷ ಭತ್ತದ ಎಲೆಗಳು ತುದಿಯಿಂದ ಒಣಗುತ್ತ ಬಂದುವು. ಇದು ದುಂಡಾಣು ಅಂಗಮಾರಿ ರೋಗ. ಅಂಗಡಿಯವನು ಕೊಟ್ಟ ಸ್ಟ್ರೆಪ್ಟೋಸೈಕ್ಲಿನ್ ಪುಡಿಯನ್ನು ತಂದೆಯವರು ತಂದರು. ನಾನು ಪೊಟ್ಟಣವನ್ನು ಓದದೆಯೇ, "ಅವನು ಹೇಳಿದಷ್ಟು ಹೊಡಿ" ಎಂದುಬಿಟ್ಟೆ. ಅದರಲ್ಲಿದ್ದುದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎಂದು ಆಮೇಲೆ ತಿಳಿಯಿತು. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೋಮೈಸಿನ್, ಕ್ಷಯರೋಗಕ್ಕೆ ಮೊಟ್ಟಮೊದಲು ನಾಟಿದ ಆಂಟಿಬಯಾಟಿಕ್. ಮನುಷ್ಯರನ್ನು ಉಳಿಸಿದ ಮದ್ದನ್ನು ನಾವು ಗದ್ದೆಗೆ ಎರಚುತ್ತಿದ್ದೆವು!

ಕುರುಗೋಡಿನಲ್ಲಿರುವ ಅಕ್ಕನದು ಇನ್ನೊಂದು ಬಗೆ. ಮಗುವಿಗೆ ನೆಗಡಿಯಾದರೆ, ಹಿಂದಿನ ಸಲ ಉಳಿದ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುತ್ತಾಳೆ. ನೆಗಡಿ ವೈರಸ್ಸಿನಿಂದ ಬರುವುದು. ಆಂಟಿಬಯಾಟಿಕ್ ಅದನ್ನು ಮುಟ್ಟದು. ಕರುಳಿನಲ್ಲಿರುವ ದುಂಡಾಣುಗಳನ್ನು ಮಾತ್ರ ಮುಟ್ಟುತ್ತದೆ.

ಅಲ್ಲಿ ನಡೆಯುವುದೇನು? ಇ. ಕೋಲೈ ಎಂಬ ಕರುಳಿನ ದುಂಡಾಣು ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹಾಗೆ ಒಡೆಯುವಾಗ ತನ್ನ ಡಿ.ಎನ್.ಎ.ಯನ್ನು ನಕಲು ಮಾಡಬೇಕು. ನಕಲಿನಲ್ಲಿ ಅಪರೂಪಕ್ಕೆ ತಪ್ಪಾಗುವುದೇ ಉತ್ಪರಿವರ್ತನೆ. ಕೋಟಿಗಟ್ಟಲೆ ದುಂಡಾಣುಗಳಲ್ಲಿ ಯಾವುದೋ ಒಂದನ್ನು ಅಂಥ ತಪ್ಪು ಔಷಧದಿಂದ ಪಾರುಮಾಡಬಹುದು. ಔಷಧವು ಉಳಿದವನ್ನು ಕೊಂದು, ಅದೊಂದಕ್ಕೆ ಹೊಲವನ್ನೆಲ್ಲ ಬಿಟ್ಟುಕೊಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ನಾವು ಆಸ್ತಿಯನ್ನು ಮಕ್ಕಳಿಗೆ ಕೊಟ್ಟರೆ, ದುಂಡಾಣು ನೆರೆಯವನಿಗೂ ಕೊಡುತ್ತದೆ. ದುಂಡಾಣುಗಳು ಕೂಡಿಕೊಂಡು ಜೀನುಗಳನ್ನು ಹಂಚಿಕೊಳ್ಳುವುದನ್ನು 1946ರಲ್ಲಿ ಲೆಡರ್‌ಬರ್ಗ್ ಮತ್ತು ಟೇಟಮ್ ತೋರಿಸಿದರು. ಸತ್ತ ದುಂಡಾಣುವಿನ ಡಿ.ಎನ್.ಎ.ಯನ್ನು ಹೀರಿಕೊಳ್ಳುವುದುಂಟು, ವೈರಸ್ಸುಗಳು ಹೊತ್ತು ತರುವುದೂ ಉಂಟು. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಲ್ಲಿ ಏಕಕಾಲಕ್ಕೆ ಹಲವು ಔಷಧಗಳಿಗೆ ಬಗ್ಗದ ದುಂಡಾಣುಗಳು ಕಂಡುಬಂದುವು. ಈ ಶಕ್ತಿ ಇ. ಕೋಲೈನಿಂದಲೂ ಅವಕ್ಕೆ ದಾಟಬಲ್ಲುದೆಂದು ಅಲ್ಲಿನ ವಿಜ್ಞಾನಿಗಳು ಕಂಡುಕೊಂಡರು. ಅದನ್ನು ಸಾಗಿಸುವುದು ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಉಂಗುರ. ಅಂದಮೇಲೆ ಇಂದು ನಿರುಪದ್ರವಿಯಾದ ದುಂಡಾಣು ಕಲಿತದ್ದು ನಾಳೆ ರೋಗಕಾರಿಯ ಕೈಸೇರಬಹುದು. ಸಿರುಗುಪ್ಪದ ಗದ್ದೆಯವರೂ ಕುರುಗೋಡಿನ ಮನೆಯವರೂ ಕಾಯಿಲೆ ಬಲಿತಾಗ ಬರುವುದು ಬಳ್ಳಾರಿಯ ದೊಡ್ಡಾಸ್ಪತ್ರೆಗೆ. ಅಲ್ಲಿ ಮದ್ದು ನಾಟದಿದ್ದರೆ ಮುಂದೆ ಎಲ್ಲಿಗೆ ಹೋಗುವುದು?

ರೈತನನ್ನು ದೂರುವುದು ಸುಲಭ. "ಬೆಳಿ ಹೋದ್ರೆ ಸಾಲ ಯಾರು ತೀರುಸ್ತಾರಲೇ?" ಎಂದು ತಂದೆಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಸ್ವಲ್ಪ ಉಂಟು. ಯೂರಿಯಾ ಅತಿಯಾದರೆ ಈ ರೋಗ ಹೆಚ್ಚುತ್ತದೆ, ಅದನ್ನು ಮಿತಗೊಳಿಸಬಹುದು. ಹೈದರಾಬಾದಿನ ವಿಜ್ಞಾನಿಗಳು ಈ ರೋಗವನ್ನು ತಡೆಯುವ ಮೂರು ಜೀನುಗಳನ್ನು ಸೇರಿಸಿ ಬೆಳೆಸಿದ ಸುಧಾರಿತ ಸಾಂಬಾ ಮಹಸೂರಿ ತಳಿ 2008ರಲ್ಲೇ ಬಿಡುಗಡೆಯಾಗಿದೆ. ಬೆಳೆಗಳಿಗೆ ಈ ಎರಡು ಔಷಧಗಳ ಬಳಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ ಕರಡು ಆದೇಶವನ್ನು ಹೊರಡಿಸಿತು. ಆದರೆ ಕಾಗದದ ಆದೇಶವನ್ನು ಗದ್ದೆಯ ಬದುವಿನವರೆಗೆ ಒಯ್ಯುವವರು ಯಾರು? ನಮ್ಮಂತೆ ಮನೆಯಲ್ಲಿ ಮೊದಲು ಓದಿದವರೇ ಒಯ್ಯಬೇಕೆಂಬುದು ನನ್ನ ನಮ್ರ ಅಭಿಪ್ರಾಯ. ದುಂಡಾಣು ತಾನು ಕಲಿತದ್ದನ್ನು ನೆರೆಯವನಿಗೆ ಕೊಡುತ್ತಿರುವಾಗ, ನಾವು ಕಲಿತದ್ದನ್ನು ಪರೀಕ್ಷೆಯ ಕೋಣೆಯಲ್ಲಿ ಬಿಟ್ಟು ಬರುವುದು ನಾಚಿಕೆಯ ಸಂಗತಿ.

ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆಗಳ ಪಟ್ಟಿಯ ಮೇಲೆ ಒಂದು ಕೆಂಪು ಗೆರೆಯಿರುತ್ತದೆ. ಈ ಗೆರೆಯನ್ನು ಜನರಿಗೆ ತಿಳಿಸುವ ಕಾರ್ಯವನ್ನು ಸರ್ಕಾರ 2016ರಲ್ಲಿ ಆರಂಭಿಸಿತು. ಕಳೆದ ರಜೆಯಲ್ಲಿ ಅದನ್ನು ತಾಯಿಗೆ ತೋರಿಸಿದೆ. ಓದು ಬಾರದ ಅವಳು ಡಬ್ಬಿಯಲ್ಲಿದ್ದ ಪಟ್ಟಿಗಳಲ್ಲಿ ಕೆಂಪು ಗೆರೆಯವನ್ನು ತಾನೇ ಆರಿಸಿ ಬೇರೆಯಿಟ್ಟಳು. "ಇಷ್ಟೇ ಏನು? ಮೊದಲೇ ಯಾಕೆ ಹೇಳಲಿಲ್ಲ?" ಎಂದಳು.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಮುಂದಿನ ಶಿಬಿರದಲ್ಲಿ ಈ ಗೆರೆಯನ್ನು ಮನೆಮನೆಗೂ ತೋರಿಸೋಣವೆಂದು ಸಹಪಾಠಿಗಳಲ್ಲಿಯೂ ಗುರುಗಳಲ್ಲಿಯೂ ನನ್ನ ಬಿನ್ನಹ.